ಮೊದಲ ಕ್ಯಾಮೆರಾ: ಲೆಕ್ಕ ಲೆನ್ಸಿನಿಂದ ಶುರುವಾಗಲಿ

ಫೋಟೋಗ್ರಫಿ ಕಲಿಯಬೇಕು, ಯಾವ ಕ್ಯಾಮೆರಾ ತೆಗೆದುಕೊಳ್ಳಲಿ? ಈ ಪ್ರಶ್ನೆಗೆ ಅಂಗಡಿಯಲ್ಲಾಗಲಿ, ಗೆಳೆಯರ ಬಳಗದಲ್ಲಾಗಲಿ ಥಟ್ಟನೆ ಸಿಗುವ ಉತ್ತರ ಒಂದು ಕಂಪನಿಯ ಹೆಸರು ಮತ್ತು ಒಂದು ಮಾಡೆಲ್ ನಂಬರು. ಕೇಳಿದವರೂ ಅಷ್ಟಕ್ಕೇ ಸಮಾಧಾನಪಟ್ಟು, ಮೆಗಾಪಿಕ್ಸೆಲ್ ಎಷ್ಟು, ತಿಂಗಳ ಕಂತು ಎಷ್ಟು ಎಂದು ವಿಚಾರಿಸಿ ಪೆಟ್ಟಿಗೆ ಹಿಡಿದು ಮನೆಗೆ ಬರುತ್ತಾರೆ. ಪೆಟ್ಟಿಗೆಯೊಳಗಿನ ಬಾಡಿ ಚೆನ್ನಾಗಿಯೇ ಇರುತ್ತದೆ. ಹೆಸರಾಂತ ಕಂಪನಿಗಳು ಕಳೆದ ಹತ್ತು ವರ್ಷಗಳಲ್ಲಿ ಮಾಡಿದ ಯಾವ ಬಾಡಿಯೂ ಕಲಿಯುವವರಿಗೆ ಸಾಲದು ಅನ್ನುವಂಥದ್ದಲ್ಲ. ಕೈಕೊಡುವುದು ಅದರ ಜೊತೆಗೆ ಬರುವ ಲೆನ್ಸು; ಅದೂ ಸಂಜೆ ಏಳು ಗಂಟೆಯ ಮೇಲೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸುತ್ತಮುತ್ತ ಕ್ಯಾಮೆರಾ ಹಿಡಿದು ಹೊರಡುವವರ ಮಟ್ಟಿಗಂತೂ ಈ ಮಾತು ಇನ್ನಷ್ಟು ನಿಜ. ಇಲ್ಲಿ ನೋಡಲು, ತೆಗೆಯಲು ಇರುವುದರಲ್ಲಿ ಅರ್ಧದಷ್ಟು ನಡೆಯುವುದು ರಾತ್ರಿಯಲ್ಲಿ. ಆದ್ದರಿಂದ ನನ್ನ ವಾದ ಇಷ್ಟು: ಮೊದಲ ಕ್ಯಾಮೆರಾದ ಹಣದಲ್ಲಿ ಬಾಡಿಯ ಪಾಲು ಕಡಿಮೆ ಇರಲಿ, ಅದು ಹಳೆಯದಾದರೂ ಸರಿ. ಅಲ್ಲಿ ಉಳಿದದ್ದು ಹೆಚ್ಚು ಬೆಳಕು ಒಳಬಿಡುವ ಒಂದು ಲೆನ್ಸಿಗೆ, ಮಳೆಗಾಲದಲ್ಲಿ ಅದನ್ನು ಕಾಪಾಡುವುದಕ್ಕೆ ಮತ್ತು ಊರೂರು ತಿರುಗುವುದಕ್ಕೆ ಹೋಗಲಿ.

ಈ ಊರುಗಳ ಬೆಳಕನ್ನು ಮೊದಲು ಅಳೆದು ನೋಡೋಣ. 1901ರಿಂದ ಬೆಳಗುತ್ತಿರುವ ಕಾಪುವಿನ ದೀಪಸ್ತಂಭದ ಬುಡದಲ್ಲಿ, ಡಿಸೆಂಬರ್ ಮಧ್ಯಾಹ್ನದ ನಿಚ್ಚಳ ಬಿಸಿಲಿಗೆ ಫಿಲ್ಮ್ ಕಾಲದ ಒಂದು ಹಳೆಯ ಸೂತ್ರ ಈಗಲೂ ನಡೆಯುತ್ತದೆ: ಅಪರ್ಚರ್ ಎಫ್ 16 ಇಟ್ಟರೆ ಶಟರ್ ವೇಗ ಐಎಸ್‌ಒ ಸಂಖ್ಯೆಯ ಆಸುಪಾಸು. ಐಎಸ್‌ಒ 100 ಆದರೆ ಸೆಕೆಂಡಿನ 1/100 ಭಾಗ. ಮರಳು, ನೊರೆ, ಬಂಡೆ ಎಲ್ಲವೂ ಬೆಳಕನ್ನು ವಾಪಸು ಎರಚುವ ಆ ಜಾಗದಲ್ಲಿ ಎಂಥ ಅಗ್ಗದ ಲೆನ್ಸಿಗೂ ಬೆಳಕಿನ ಬರ ಇಲ್ಲ. ಅದೇ ದಿನ ರಾತ್ರಿ ಹತ್ತು ಮೈಲಿಯೊಳಗೆ ಎಲ್ಲೋ ಒಂದು ದೈವದ ನೇಮ ಇರುತ್ತದೆ, ಗದ್ದೆಯಲ್ಲಿ ಯಕ್ಷಗಾನ ಬಯಲಾಟದ ರಂಗಸ್ಥಳ ಕಟ್ಟಿರುತ್ತಾರೆ. ನಾಲ್ಕು ಟ್ಯೂಬ್‌ಲೈಟು, ದೀವಟಿಗೆಯ ಕೆಂಪು ಬೆಳಕು, ಅದರ ನಡುವೆ ಗಿರ್ರನೆ ತಿರುಗುವ, ದೈವದ ಬೆನ್ನಿಗೆ ಕಟ್ಟಿದ ಅಣಿ. ಮಧ್ಯಾಹ್ನದ ಬೀಚಿಗೂ ಇಂಥ ಅಂಗಳಕ್ಕೂ ಬೆಳಕಿನಲ್ಲಿ ಹತ್ತು ಸ್ಟಾಪಿನ ಅಂತರ ಸುಲಭವಾಗಿ ಬೀಳುತ್ತದೆ. ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುವುದರಿಂದ ಹತ್ತು ಸ್ಟಾಪ್ ಅಂದರೆ ಸಾವಿರ ಪಟ್ಟು ಕಡಿಮೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಉಡುಪಿಯ ಜೋಡುಕಟ್ಟೆಯಿಂದ ರಥಬೀದಿಗೆ ಬರುವ ಪರ್ಯಾಯದ ಮೆರವಣಿಗೆಯೂ ಬೀದಿದೀಪದ ಬೆಳಕಿನದ್ದೇ. ಕಲಿಯುವವರು ಸೋಲುವುದು ಇಂಥ ಕಡೆ. ಸೋತಾಗ ಬೈಯುವುದು ಕ್ಯಾಮೆರಾವನ್ನು.

ಅನೇಕ ಕ್ಯಾಮೆರಾಗಳ ಜೊತೆ ಬರುವುದು 18-55 ಮಿ.ಮೀ. ಕಿಟ್ ಲೆನ್ಸ್. ಅದನ್ನು 55ಕ್ಕೆ ಎಳೆದಾಗ ಅಪರ್ಚರ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಮಿ.ಮೀ. ಎಫ್ 1.8 ಎಂಬ ಸಣ್ಣ ಲೆನ್ಸ್ ಹಲವು ಕಂಪನಿಗಳ ಪಟ್ಟಿಯಲ್ಲಿ ಅತಿ ಅಗ್ಗದ ಲೆನ್ಸುಗಳ ಸಾಲಿನಲ್ಲೇ ಇರುತ್ತದೆ. ಇವೆರಡರ ಲೆಕ್ಕ ಸರಳ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಒಂಬತ್ತೂವರೆಗಿಂತ ಸ್ವಲ್ಪ ಹೆಚ್ಚು. ಅಂದರೆ ಸಣ್ಣ ಲೆನ್ಸ್ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಐಎಸ್‌ಒ 3200ರಲ್ಲಿ ಕಿಟ್ ಲೆನ್ಸಿಗೆ ಸೆಕೆಂಡಿನ 1/30 ಭಾಗ ಬೇಕಾದ ಜಾಗದಲ್ಲಿ ಇದಕ್ಕೆ 1/250 ಸಾಕು. ಧೀಂಗಿಣ ಹಾರುವ ವೇಷಧಾರಿ 1/30ರಲ್ಲಿ ಬಣ್ಣದ ಒಂದು ಗೀರಾಗಿ ಉಳಿಯುತ್ತಾನೆ. 1/250ರಲ್ಲಿ ಅವನ ಕಣ್ಣು, ಮುಖವರ್ಣಿಕೆಯ ಗೆರೆ, ಗೆಜ್ಜೆ ಕಾಣಿಸುತ್ತವೆ. ಈಗ ಲೆನ್ಸ್ ಬದಲಿಸದೆ ಬಾಡಿಯನ್ನು ಮಾತ್ರ ಬದಲಿಸಿ ನೋಡಿ. ದುಬಾರಿ ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36×24 ಮಿ.ಮೀ.; ಸಾಮಾನ್ಯ ಕ್ಯಾಮೆರಾಗಳ ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6 ಮಿ.ಮೀ., ಕ್ಯಾನನ್‌ನದ್ದಾದರೆ ಇನ್ನೂ ತುಸು ಚಿಕ್ಕದು. ವಿಸ್ತೀರ್ಣದಲ್ಲಿ ಎರಡೂವರೆ ಪಟ್ಟಿನ ಆಸುಪಾಸಿನ ವ್ಯತ್ಯಾಸ. ಅಂದರೆ ಒಂದೇ ಅಪರ್ಚರಿನಲ್ಲಿ ಫುಲ್ ಫ್ರೇಮಿನಿಂದ ಸಿಗುವ ಲಾಭ ಒಂದೂಕಾಲು ಸ್ಟಾಪು. ಅಗ್ಗದ ಲೆನ್ಸಿನಿಂದ ಸಿಗುವುದು ಮೂರು ಸ್ಟಾಪಿಗಿಂತ ಹೆಚ್ಚು. ಲಕ್ಷಗಟ್ಟಲೆ ಕೊಟ್ಟು ಪಡೆಯುವುದಕ್ಕಿಂತ ಕೆಲವು ಸಾವಿರ ಕೊಟ್ಟು ಪಡೆಯುವುದೇ ಇಲ್ಲಿ ದೊಡ್ಡದು. ಈ ಒಂದು ಲೆಕ್ಕವನ್ನು ಅಂಗಡಿಗೆ ಹೋಗುವ ಮುಂಚೆ ಮಾಡಿಕೊಂಡವರ ಖರೀದಿಯ ಪಟ್ಟಿಯೇ ಬದಲಾಗುತ್ತದೆ.

ಇದಕ್ಕೊಂದು ನ್ಯಾಯವಾದ ಆಕ್ಷೇಪ ಇದೆ. ಎಫ್ 1.8ರಲ್ಲಿ ಫೋಕಸ್ ಆಗುವ ಪದರ ತೀರಾ ತೆಳು, ಹೊಸಬರಿಗೆ ಅರ್ಧ ಚಿತ್ರಗಳು ಮಸುಕಾಗಿಯೇ ಬರುತ್ತವೆ ಎನ್ನುತ್ತಾರೆ. ದೂರ ಎಷ್ಟು ಎಂಬುದರ ಮೇಲೆ ಅದು ನಿಂತಿದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಪೂರ್ತಿ ತೆರೆದು ಎರಡು ಮೀಟರ್ ದೂರದವರ ಮುಖ ತೆಗೆದರೆ ಸ್ಪಷ್ಟವಾಗಿ ಬರುವುದು ಸುಮಾರು 10 ಸೆಂ.ಮೀ. ಆಳ ಮಾತ್ರ, ಮೂಗಿಗೆ ಫೋಕಸ್ ಮಾಡಿದರೆ ಕಿವಿ ಮಸುಕಾಗುತ್ತದೆ. ಐದು ಮೀಟರ್ ದೂರಕ್ಕೆ ಸರಿದರೆ ಅದೇ ಆಳ ಎರಡು ಅಡಿಗೂ ಹೆಚ್ಚು. ರಂಗಸ್ಥಳದ ಮುಂದೆ ಚಾಪೆ ಹಾಸಿ ಕೂತವರಿಗೂ ವೇಷಕ್ಕೂ ನಡುವೆ ಅಷ್ಟು ದೂರವಾದರೂ ಇರುತ್ತದೆ, ಕಿರೀಟ ಸಹಿತ ಮುಖ ಸ್ಪಷ್ಟವಾಗಿ ಸಿಗುತ್ತದೆ. ಹತ್ತಿರದಲ್ಲಿ ಸೋತು, ಅಪರ್ಚರನ್ನು 2.8ಕ್ಕೆ, 4ಕ್ಕೆ ಇಳಿಸಿ ನೋಡುವಾಗಲೇ ಡೆಪ್ತ್ ಆಫ್ ಫೀಲ್ಡ್ ಅಂದರೇನು ಎಂಬುದು ತಲೆಗೆ ಹತ್ತುವುದು. ಎಫ್ 5.6ರಿಂದ ಶುರುವಾಗುವ ಲೆನ್ಸಿನಲ್ಲಿ ಈ ಪಾಠ ಅರ್ಧ ಮಾತ್ರ ಕಲಿಯಲು ಸಿಗುತ್ತದೆ.

ಫ್ಲ್ಯಾಶ್ ಇದೆಯಲ್ಲ ಎಂಬವರಿಗೂ ಒಂದು ಮಾತು. ಕ್ಯಾನನ್ 1500ಡಿಯ ತಲೆಯ ಮೇಲಿನ ಪುಟ್ಟ ಫ್ಲ್ಯಾಶಿನ ಗೈಡ್ ನಂಬರ್ 9ರಷ್ಟು. ಅಂದರೆ ಐಎಸ್‌ಒ 100, ಎಫ್ 5.6ರಲ್ಲಿ ಅದರ ಬೆಳಕು ಎಟಕುವುದು ಒಂದೂವರೆ ಮೀಟರ್ ಚಿಲ್ಲರೆ. ಐಎಸ್‌ಒ ಏರಿಸಿದರೆ ಇನ್ನಷ್ಟು ದೂರ ಹೋದೀತು. ಆದರೆ ದೀವಟಿಗೆಯ ಬೆಳಕನ್ನೆಲ್ಲ ಅಳಿಸಿ ಬಿಳಿಚಿಕೊಂಡ ಒಂದು ಮುಖ ಉಳಿಸುತ್ತದೆ. ಅದಕ್ಕಿಂತ ಮುಖ್ಯ, ದೈವದ ಮುಂದೆ, ವೇಷದ ಕಣ್ಣಿಗೆ ಫ್ಲ್ಯಾಶ್ ಹಾರಿಸುವುದು ಮರ್ಯಾದೆಯಲ್ಲ. ನೇಮದಲ್ಲಿ ಫೋಟೋ ತೆಗೆಯಬಹುದೇ, ಎಲ್ಲಿವರೆಗೆ ತೆಗೆಯಬಹುದು ಎಂದು ನೇಮ ನಡೆಸುವ ಗುತ್ತಿನವರನ್ನೋ ಸಮಿತಿಯವರನ್ನೋ ಮೊದಲೇ ಕೇಳಬೇಕು. ಬೇಡ ಅಂದರೆ ಕ್ಯಾಮೆರಾ ಚೀಲದೊಳಗೆ ಹೋಗಬೇಕು.

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಸಬಹುದು. ಎ4 ಅಳತೆಯ ಪತ್ರಿಕೆಯ ಒಂದು ಪೂರ್ತಿ ಪುಟವನ್ನು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಲು ಬೇಕಾದದ್ದು 9 ಮೆಗಾಪಿಕ್ಸೆಲ್‌ಗೂ ಕಡಿಮೆ. ಗೋಡೆಗೆ ತೂಗುಹಾಕುವ 12×18 ಇಂಚಿನ ಪ್ರಿಂಟಿಗೆ 20ರ ಒಳಗೆ. 2013-14ರ ಹೊತ್ತಿಗೇ ಅಗ್ಗದ ಕ್ಯಾಮೆರಾಗಳೂ 24 ಮೆಗಾಪಿಕ್ಸೆಲ್ ಮುಟ್ಟಿದ್ದವು. ಆದ್ದರಿಂದ ಈ ಸಂಖ್ಯೆಯನ್ನು ನೋಡಿ ಯಾರೂ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ.

ಇಷ್ಟೆಲ್ಲ ಯಾಕೆ, ಕೈಯಲ್ಲಿರುವ ಫೋನೇ ಸಾಲದೇ ಎಂಬ ಪ್ರಶ್ನೆ ಮಾತ್ರ ಗಂಭೀರವಾದದ್ದು, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಚೌಕಟ್ಟಿನೊಳಗೆ ಏನಿರಬೇಕು, ಏನು ಬೇಡ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಯಾವ ಕ್ಷಣಕ್ಕೆ ಕಾಯಬೇಕು ಎಂಬುದನ್ನೆಲ್ಲ ಫೋನಿನಲ್ಲೇ ಕಲಿಯಬಹುದು. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಬೆಳಿಗ್ಗೆ ಕಾಪುವಿನ ದೀಪಸ್ತಂಭದ ಮೇಲೆ ನೆಲದ ಕಡೆಯಿಂದ ಬಿಸಿಲು ಬಿದ್ದು ಅದರ ಮೈಯೆಲ್ಲ ಕಾಣುತ್ತದೆ, ಸಂಜೆ ಸೂರ್ಯ ಅದರ ಬೆನ್ನಿಗೆ ಹೋಗಿ ಬರೀ ಕಪ್ಪು ಆಕಾರ ಉಳಿಯುತ್ತದೆ. ಎರಡು ಹೊತ್ತಿನಲ್ಲಿ ಎರಡು ಸಲ ಹೋಗಿ ಫೋನಿನಲ್ಲೇ ತೆಗೆದು ಪಕ್ಕಪಕ್ಕ ಇಟ್ಟರೆ ಬೆಳಕಿನ ದಿಕ್ಕಿನ ಪಾಠ ಮುಗಿಯಿತು. ಅದಕ್ಕೆ ಖರ್ಚು ಉಡುಪಿಯಿಂದ ಸುಮಾರು 13 ಕಿ.ಮೀ. ಬಸ್ಸಿನದ್ದು. ಫೋನು ಕಲಿಸದಿರುವುದು ಇದಕ್ಕಿಂತ ಮುಂದಿನದ್ದನ್ನು. ಬಹುಪಾಲು ಫೋನುಗಳಲ್ಲಿ ಅಪರ್ಚರ್ ಒಂದೇ, ಬದಲಾಯಿಸಲು ಬರುವುದಿಲ್ಲ. ಹಿನ್ನೆಲೆ ಮಸುಕಾಗುವುದು ಲೆನ್ಸಿನಿಂದಲ್ಲ, ಸಾಫ್ಟ್‌ವೇರಿನ ಊಹೆಯಿಂದ. ಕತ್ತಲಲ್ಲಿ ಅದು ಹಲವು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು ಜೋಡಿಸುತ್ತದೆ. ನಿಂತ ಗೋಪುರಕ್ಕೆ ಇದು ಚೆನ್ನಾಗಿ ನಡೆಯುತ್ತದೆ. ಕುಣಿಯುವ ಹುಲಿವೇಷಕ್ಕೆ ಬಂದಾಗ ಕೈಕಾಲು ಕಲಸಿಹೋಗುತ್ತವೆ. ಒಳ್ಳೆಯ ಫೋನಿನ ಮುಖ್ಯ ಸೆನ್ಸರಿನ ವಿಸ್ತೀರ್ಣವೂ ಎಪಿಎಸ್-ಸಿಯ ಐದನೇ ಒಂದು ಭಾಗದಷ್ಟು. ಚಿತ್ರ ಚೆನ್ನಾಗಿ ಬಂದರೂ ಯಾಕೆ ಬಂತು, ಕೆಟ್ಟರೆ ಯಾಕೆ ಕೆಟ್ಟಿತು ಎಂದು ಫೋನು ಹೇಳುವುದಿಲ್ಲ. ತೀರ್ಮಾನಗಳನ್ನೆಲ್ಲ ಅದೇ ಮಾಡಿ ಮುಗಿಸಿರುತ್ತದೆ. ಕಲಿಯುವವರಿಗೆ ಬೇಕಾದದ್ದು ಆ ತೀರ್ಮಾನ ತಮ್ಮ ಕೈಯಲ್ಲಿರುವ ಯಂತ್ರ. ಹಾಗಾಗಿ ಮೊದಲ ಕೆಲವು ತಿಂಗಳು ಫೋನಿನಲ್ಲೇ ತೆಗೆಯಿರಿ, ಅದು ಎಲ್ಲಿ ನಿಮ್ಮ ಮಾತು ಕೇಳುವುದಿಲ್ಲ ಎಂಬುದು ಗೊತ್ತಾದ ಮೇಲೆ ಕೊಳ್ಳಿ ಎಂಬುದೇ ನನ್ನ ಸಲಹೆ. ಆ ಹಂತಕ್ಕೆ ಬರದವರಿಗೆ ಕ್ಯಾಮೆರಾ ಬೇಕಿಲ್ಲ. ಅದರಲ್ಲಿ ಕಡಿಮೆಯೇನೂ ಇಲ್ಲ.

ಬಾಡಿ ಹಳೆಯದಾದರೂ ಸರಿ ಎಂದ ಕೂಡಲೇ ಏಳುವ ಇನ್ನೊಂದು ತಕರಾರು: ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ಈಗೆಲ್ಲ ಮಿರರ್‌ಲೆಸ್. ಮಾತಿನಲ್ಲಿ ಸತ್ಯ ಇದೆ. ಲೆನ್ಸ್ ಕೂರಿಸುವ ಬಾಯಿಗೆ ಮೌಂಟ್ ಎನ್ನುತ್ತಾರೆ; ಮಿರರ್‌ಲೆಸ್‌ಗೆಂದೇ ಕ್ಯಾನನ್ ತನ್ನ ಆರ್‌ಎಫ್ ಮೌಂಟನ್ನೂ ನಿಕಾನ್ ತನ್ನ ಝಡ್ ಮೌಂಟನ್ನೂ 2018ರಲ್ಲಿ ತಂದವು. ಇತ್ತೀಚೆಗೆ ಅವುಗಳ ಹೊಸ ಲೆನ್ಸುಗಳು ಬರುತ್ತಿರುವುದು ಆ ಮೌಂಟುಗಳಿಗೇ. ಆದರೆ ಇದರಿಂದ ಕಲಿಯುವವರಿಗೆ ಆದದ್ದು ಲಾಭ. ವೃತ್ತಿಯವರು ಮಿರರ್‌ಲೆಸ್‌ಗೆ ಹೋಗುತ್ತ ಬಿಟ್ಟುಕೊಟ್ಟ ಒಳ್ಳೊಳ್ಳೆಯ ಬಾಡಿ, ಲೆನ್ಸುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದಿವೆ. ಕ್ಯಾನನ್‌ನ ಇಎಫ್ ಮೌಂಟ್ 1987ರದ್ದು, ನಿಕಾನಿನ ಎಫ್ ಮೌಂಟ್ 1959ರದ್ದು. ದಶಕಗಳ ಲೆನ್ಸು ಅಲ್ಲಿ ರಾಶಿ ಬಿದ್ದಿದೆ. 2016ರ ಕ್ಯಾನನ್ 80ಡಿ, 2015ರ ನಿಕಾನ್ ಡಿ7200 ಇಂಥ ಬಾಡಿಗಳಲ್ಲಿ ಶಟರಿಗೊಂದು, ಅಪರ್ಚರಿಗೊಂದು ಪ್ರತ್ಯೇಕ ಚಕ್ರ ಇದೆ. ಹೊಸ ಅಗ್ಗದ ಮಾಡೆಲ್ಲುಗಳಲ್ಲಿ ಒಂದೇ ಚಕ್ರ ಕೊಟ್ಟು, ಎರಡನೆಯದಕ್ಕೆ ಬಟನ್ ಒತ್ತಿ ಹಿಡಿದು ತಿರುಗಿಸು ಎನ್ನುತ್ತಾರೆ. ಕೈ ತಾನಾಗಿ ಚಕ್ರಕ್ಕೆ ಹೋಗಬೇಕಾದ ಕಲಿಕೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಭಾರದ ಕಡೆಯೂ ನೋಡಬೇಕು ಅನ್ನಿ. 1500ಡಿ 475 ಗ್ರಾಂ, 80ಡಿ 730 ಗ್ರಾಂ; ದಿನವೂ ಚೀಲದಲ್ಲಿ ಹೊತ್ತು ಮಣಿಪಾಲದ ಏರು ಹತ್ತುವ ವಿದ್ಯಾರ್ಥಿಗೆ ಆ ಕಾಲು ಕಿಲೋ ತಿಳಿಯುತ್ತದೆ.

ಹಣ ಇದ್ದವರು ಮಿರರ್‌ಲೆಸ್ಸನ್ನೇ ಕೊಳ್ಳುವುದಕ್ಕೆ ಒಂದು ಒಳ್ಳೆಯ ಕಾರಣ ಇದೆ. ಅದರ ವ್ಯೂಫೈಂಡರಿನಲ್ಲಿ ಚಕ್ರ ತಿರುಗಿಸಿದಂತೆ ಚಿತ್ರ ಬೆಳಗುವುದೂ ಕಪ್ಪಾಗುವುದೂ ಕ್ಲಿಕ್ಕಿಸುವ ಮುಂಚೆಯೇ ಕಾಣಿಸುತ್ತದೆ. ಬಿಳಿ ನೊರೆ ತುಂಬಿದ ಚೌಕಟ್ಟನ್ನು ಕ್ಯಾಮೆರಾ ಬೂದು ಮಾಡುತ್ತದೆ, ಕಪ್ಪು ಹಿನ್ನೆಲೆಯ ವೇಷದ ಮುಖವನ್ನು ಸುಟ್ಟಂತೆ ಬಿಳಿ ಮಾಡುತ್ತದೆ. ಮೀಟರಿನ ಈ ಸ್ವಭಾವವನ್ನೂ ಅದನ್ನು ಒಂದು ಸ್ಟಾಪ್ ಮೇಲೆ ಕೆಳಗೆ ಸರಿಪಡಿಸುವುದನ್ನೂ ಕಣ್ಣಾರೆ ಕಂಡು ಕಲಿಯಬಹುದು. ಆದರೆ ವ್ಯೂಫೈಂಡರ್ ಇರುವ ಮಾಡೆಲನ್ನೇ ಆರಿಸಿಕೊಳ್ಳಬೇಕು. ನಿಕಾನ್ ಝಡ್30, ಸೋನಿ ಝಡ್‌ವಿ-ಇ10 ವಿಡಿಯೋದವರಿಗೆಂದು ಮಾಡಿದವು, ಅವುಗಳಲ್ಲಿ ಅದು ಇಲ್ಲ. ಮಲ್ಪೆಯ, ಕಾಪುವಿನ ಬಿಸಿಲಿಗೆ ಹಿಂಬದಿಯ ಪರದೆಯಲ್ಲಿ ಕಾಣುವುದು ತೆಗೆಯುವವರ ಮುಖದ ನೆರಳು ಮಾತ್ರ. ಕ್ಯಾನನ್ ಆರ್50, ನಿಕಾನ್ ಝಡ್50 ಸಾಲಿನವುಗಳಲ್ಲಿ ವ್ಯೂಫೈಂಡರ್ ಇದೆ. ಇನ್ನೊಂದು ಎಚ್ಚರ, ಪೂರ್ತಿ ಎಲೆಕ್ಟ್ರಾನಿಕ್ ಶಟರಿನ ಬಗ್ಗೆ. ನಮ್ಮ ವಿದ್ಯುತ್ತಿನ 50 ಹರ್ಟ್ಸ್‌ನಿಂದಾಗಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಆ ಶಟರಿನಲ್ಲಿ ವೇಗ ಏರಿಸಿದರೆ ರಂಗಸ್ಥಳದ ಎಲ್‌ಇಡಿ ಬೆಳಕಿನಲ್ಲಿ ಚಿತ್ರದ ಉದ್ದಕ್ಕೂ ಕಪ್ಪು ಪಟ್ಟೆ ಬೀಳಬಹುದು. ಅಂಥಲ್ಲಿ ಮೆಕ್ಯಾನಿಕಲ್ ಶಟರಿಗೆ ಬದಲಿಸಿಕೊಂಡು, ವೇಗವನ್ನು 1/100ರ ಹತ್ತಿರ ಇಟ್ಟು ನೋಡಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೀಳುವ ಎರಡು ಗುಂಡಿಗಳನ್ನು ಹೆಸರಿಟ್ಟೇ ಹೇಳಬೇಕು. ನಿಕಾನಿನ ಡಿ3500, ಡಿ5600ರಂಥ ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಆ ಮೋಟರನ್ನೇ ನಂಬಿಕೊಂಡ 50 ಮಿ.ಮೀ. ಎಫ್ 1.8ಡಿ ಲೆನ್ಸ್ ಅಗ್ಗವಾಗಿ ಸಿಗುತ್ತದೆ, ಆದರೆ ಇವುಗಳಿಗೆ ಹಾಕಿದರೆ ಆಟೋಫೋಕಸ್ ಆಗುವುದೇ ಇಲ್ಲ. ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಇರುವುದನ್ನು ಕೇಳಿ ತೆಗೆದುಕೊಳ್ಳಬೇಕು. ಡಿ7200ಕ್ಕೆ ಈ ಚಿಂತೆ ಇಲ್ಲ. ಎರಡನೆಯದು ಕ್ಯಾನನ್ ಎಂ50. ಯೂಟ್ಯೂಬಿನವರ ಕೈಯಲ್ಲಿ ಬಹಳ ಓಡಾಡಿದ ಕ್ಯಾಮೆರಾ, ಈಗ ಒಳ್ಳೆಯ ಬೆಲೆಗೆ ಸಿಗುತ್ತದೆ. ಆದರೆ ಅದರ ಇಎಫ್-ಎಂ ಮೌಂಟನ್ನು ಕಂಪನಿ ಕೈಬಿಟ್ಟಿದೆ, ಆ ಲೆನ್ಸುಗಳನ್ನು ಮುಂದೆ ಆರ್ ಸಾಲಿನ ಕ್ಯಾಮೆರಾಗಳಿಗೆ ಅಡಾಪ್ಟರ್ ಹಾಕಿಯೂ ಕೂರಿಸಲಾಗದು. ಹಳೆಯ ಇಎಫ್, ಇಎಫ್-ಎಸ್ ಲೆನ್ಸುಗಳಾದರೆ ಅಡಾಪ್ಟರಿನೊಂದಿಗೆ ಹೊಸ ಬಾಡಿಯಲ್ಲೂ ಆಟೋಫೋಕಸ್ ಸಹಿತ ನಡೆಯುತ್ತವೆ. ಬಾಡಿ ಹೋದರೂ ಲೆನ್ಸ್ ಉಳಿಯಬೇಕು. ಲೆನ್ಸಿನ ಮೇಲೆ ಹಣ ಹಾಕಿ ಎಂಬುದಕ್ಕೆ ಇದೂ ಒಂದು ಕಾರಣ.

ಒಂದೇ ಫೋಕಲ್ ಲೆಂಗ್ತಿನ ಲೆನ್ಸ್ ಕೊಂಡರೆ ಝೂಮ್ ಇಲ್ಲವಲ್ಲ ಎಂಬುದು ಮನೆಯವರ ಆಕ್ಷೇಪ. ಅದಕ್ಕೆ ಉತ್ತರವನ್ನು ಕಾರ್ಕಳದ ಬೆಟ್ಟದ ಮೇಲೆ ಹುಡುಕಬಹುದು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಬಾಹುಬಲಿಯ ಎತ್ತರ 42 ಅಡಿ, ಅಂದರೆ 12.8 ಮೀಟರ್. ಫೋನಿನ ಅಥವಾ ಕಿಟ್ ಲೆನ್ಸಿನ ಅಗಲದ ನೋಟಕ್ಕೆ ಎಂಟೊಂಬತ್ತು ಮೀಟರ್ ದೂರದಿಂದಲೇ ಇಡೀ ಮೂರ್ತಿ ಚೌಕಟ್ಟಿನಲ್ಲಿ ಹಿಡಿಸುತ್ತದೆ. ಆದರೆ ಅಲ್ಲಿಂದ ಕ್ಯಾಮೆರಾ ಮೇಲೆತ್ತಿದಾಗ ಪಾದ ದಪ್ಪವಾಗಿ, ತಲೆ ಚಿಕ್ಕದಾಗಿ, ಭುಜಗಳು ಒಳಕ್ಕೆ ಬಾಗಿದಂತೆ ಬರುತ್ತವೆ. ಆ ಮುಖದ ಪ್ರಶಾಂತತೆ ಎಲ್ಲಿ ಹೋಯಿತು ಎಂದು ನೋಡಿದವರು ಕೇಳುತ್ತಾರೆ. 35 ಮಿ.ಮೀ. ಲೆನ್ಸಿಗೆ ಇಡೀ ಮೂರ್ತಿ ಬೇಕೆಂದರೆ ಸುಮಾರು 19 ಮೀಟರ್ ಹಿಂದೆ ಸರಿಯಬೇಕು, 50ಕ್ಕೆ 27. ಸರಿದಂತೆ ಪಾದಕ್ಕೂ ತಲೆಗೂ ಕ್ಯಾಮೆರಾದಿಂದ ಇರುವ ದೂರದ ವ್ಯತ್ಯಾಸ ಕಡಿಮೆಯಾಗುತ್ತ ಬಂದು ಅಳತೆ ನೆಟ್ಟಗಾಗುತ್ತದೆ. ಆಕಾರ ಕೆಡಿಸುವುದು ನಿಂತ ದೂರ, ಲೆನ್ಸ್ ಅಲ್ಲ. ಈ ಸಂಗತಿಯನ್ನು ಪುಸ್ತಕ ಓದಿ ತಿಳಿಯುವುದಕ್ಕೂ ಕಾಲಿನಿಂದ ಅಳೆದು ತಿಳಿಯುವುದಕ್ಕೂ ವ್ಯತ್ಯಾಸ ಇದೆ. ಹಿಂದೆ ಸರಿಯಲು ಜಾಗ ಸಾಲದಿದ್ದರೆ ಇಡೀ ಮೂರ್ತಿಯ ಆಸೆ ಬಿಟ್ಟು ಬಳ್ಳಿ ಹಬ್ಬಿದ ತೊಡೆಯನ್ನೋ ಕೆಳಗಿಳಿದ ಕೈಯನ್ನೋ ಆರಿಸಿಕೊಳ್ಳಬೇಕಾಗುತ್ತದೆ. ಎಲ್ಲರೂ ತೆಗೆದ ಚಿತ್ರವನ್ನು ಬಿಟ್ಟು ಬೇರೊಂದು ತೆಗೆಯುವುದಕ್ಕೆ ಆ ಇಕ್ಕಟ್ಟೇ ದಾರಿ ಮಾಡಿಕೊಡುತ್ತದೆ. ಎಪಿಎಸ್-ಸಿಗೆ ಮೊದಲ ಲೆನ್ಸಾಗಿ 50ಕ್ಕಿಂತ 35 ಮಿ.ಮೀ. ಎಫ್ 1.8 ಮೇಲು ಎಂಬ ವಾದವೂ ಇದೆ. ಮನೆಯೊಳಗೆ, ರಥಬೀದಿಯ ನೂಕುನುಗ್ಗಲಲ್ಲಿ ಅದೇ ಸರಿ; ರಂಗಸ್ಥಳಕ್ಕೆ 50. ಎರಡರಲ್ಲಿ ಯಾವುದಾದರೂ ಆದೀತು, ಕಿಟ್ ಲೆನ್ಸ್ ಜೊತೆಗೆ ಸಿಕ್ಕಿದ್ದರೆ ಅದೂ ಇರಲಿ.

ಕಂಬಳ, ಹಕ್ಕಿಗಳ ಕಥೆ ಬೇರೆ. ಮಿಯ್ಯಾರಿನಲ್ಲೋ ಕಟಪಾಡಿಯಲ್ಲೋ ಹಗಲಿನ ಕಂಬಳಕ್ಕೆ 55-250ರಂಥ ಅಗ್ಗದ ಟೆಲಿ ಝೂಮೇ ಸಾಕು. ಬಿಸಿಲಿನ ಸೂತ್ರವನ್ನೇ ಹಾಕಿ ನೋಡಿ: ಐಎಸ್‌ಒ 200, ಎಫ್ 5.6ರಲ್ಲಿ 1/1600 ಸೆಕೆಂಡ್ ಸಿಗುತ್ತದೆ. ಕೋಣಗಳ ಗೊರಸಿನಿಂದ ಸಿಡಿದ ಕೆಸರುನೀರಿನ ಒಂದೊಂದು ಹನಿಯೂ ಗಾಳಿಯಲ್ಲಿ ನಿಲ್ಲುವ ವೇಗ ಅದು. ಮಲ್ಪೆ ಬಂದರಿನಲ್ಲಿ ಮೀನಿಗೆ ಎರಗುವ ಗರುಡ, ಮಣಿಪಾಲದ ಮಣ್ಣಪಳ್ಳದ ದಡದ ಬೆಳ್ಳಕ್ಕಿಗೂ ಈ ಲೆನ್ಸ್ ನಡೆಯುತ್ತದೆ. ಕಾಡಿನ ಸಣ್ಣ ಹಕ್ಕಿ ಬೇಕೆಂದರೆ 500, 600 ಮಿ.ಮೀ. ಲೆನ್ಸ್ ಬೇಕು, ಅದು ಬೇರೆಯದೇ ಖರ್ಚಿನ ದಾರಿ. ಕಲಿಯುವ ವರ್ಷದಲ್ಲಿ ಅದರ ಹಿಂದೆ ಹೋಗುವುದು ಬೇಡ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆಯತೊಡಗಿದ್ದು ಒಂದು ರೋಲಿಗೆ 36 ಚಿತ್ರ ಮಾತ್ರ ಸಿಗುತ್ತಿದ್ದ ಫಿಲ್ಮ್ ಕಾಲದಲ್ಲಿ. ಹಕ್ಕಿಯ ಅಭ್ಯಾಸ ತಿಳಿದು ಕಾಯುವುದಕ್ಕೆ ಲೆನ್ಸಿನಷ್ಟೇ ಬೆಲೆ ಇದೆ ಎಂಬುದಕ್ಕೆ ಅವರ ಪುಸ್ತಕಗಳು ಸಾಕ್ಷಿ.

ಹಳೆಯದನ್ನು ಕೊಳ್ಳುವುದರಲ್ಲಿ ಮೋಸ ಇಲ್ಲವೇ ಎಂದರೆ, ನೋಡಿ ಕೊಂಡರೆ ಬಹುಮಟ್ಟಿಗೆ ತಪ್ಪಿಸಬಹುದು. ಬಾಡಿಯಲ್ಲಿ ಮೊದಲು ನೋಡಬೇಕಾದದ್ದು ಶಟರ್ ಎಷ್ಟು ಸಲ ಬಡಿದಿದೆ ಎಂಬುದನ್ನು. ನಿಕಾನಿನಲ್ಲಿ ಚಿತ್ರದ ಫೈಲಿನಲ್ಲೇ ಆ ಸಂಖ್ಯೆ ಬರೆದಿರುತ್ತದೆ. ಶಟರಿನ ಬಾಳಿಕೆ ಡಿ3500ರ ವರ್ಗಕ್ಕೆ ಒಂದು ಲಕ್ಷ ಸಲ, ಡಿ7200ಕ್ಕೆ ಒಂದೂವರೆ ಲಕ್ಷ ಎಂದು ಕಂಪನಿಯ ಅಂದಾಜು. ಮದುವೆಯ ಸೀಸನ್ ಕಂಡ ಕ್ಯಾಮೆರಾಕ್ಕೂ ಅಲಮಾರಿನಲ್ಲಿ ಕೂತದ್ದಕ್ಕೂ ಈ ಸಂಖ್ಯೆಯಲ್ಲಿ ಅಜಗಜಾಂತರ ಇರುತ್ತದೆ. ಆಮೇಲೆ ಎಫ್ 16 ಇಟ್ಟು ಖಾಲಿ ಆಕಾಶದ ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕಿಗಳಾಗಿ ಎದ್ದು ಕಾಣುತ್ತದೆ. ಕರಾವಳಿಯಲ್ಲಿ ಬಾಡಿಗಿಂತ ಲೆನ್ಸಿನ ತಪಾಸಣೆ ಮುಖ್ಯ, ಯಾಕೆಂದರೆ ನಮ್ಮಲ್ಲಿ ಅದರ ಶತ್ರು ಫಂಗಸ್. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಎರಡೂ ಬದಿಯ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ಬದಿಯಿಂದ ನೋಡಬೇಕು. ಧೂಳಿನ ಒಂದೆರಡು ಕಣ ಕಂಡರೆ ಹೆದರಬೇಕಾಗಿಲ್ಲ, ಅವು ಚಿತ್ರಕ್ಕೆ ಬರುವುದಿಲ್ಲ. ಗಾಜಿನ ಅಂಚಿನಿಂದ ಒಳಕ್ಕೆ ಹರಡಿದ ಬೆಳ್ಳನೆಯ ಎಳೆಗಳು, ಜೇಡರ ಬಲೆಯ ನೂಲಿನಂಥವು ಕಂಡರೆ ಎಷ್ಟು ಅಗ್ಗವಾದರೂ ಬೇಡ. ಆ ಬೂಸು ಬಿಡುವ ಆಮ್ಲ ಗಾಜಿನ ಲೇಪವನ್ನೇ ತಿನ್ನುತ್ತದೆ. ಬಿಚ್ಚಿ ಒರೆಸಿದರೂ ಕಲೆ ಉಳಿಯಬಹುದು.

ಕೊಂಡದ್ದನ್ನು ಕಾಪಾಡುವುದಕ್ಕೆ ದುಬಾರಿ ಡ್ರೈ ಕ್ಯಾಬಿನೆಟ್ ಬೇಕಿಲ್ಲ. ರಬ್ಬರ್ ಅಂಚಿನ, ಗಾಳಿಯಾಡದ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಟ್ಟೆಯ ಚೀಲದಲ್ಲಿ ಸಿಲಿಕಾ ಜೆಲ್, ಸಾಧ್ಯವಾದರೆ ತೇವ ತೋರಿಸುವ ಪುಟ್ಟ ಮೀಟರು. ತೇವಾಂಶ ಶೇಕಡಾ 40ರಿಂದ 50ರೊಳಗೆ ಇದ್ದರೆ ಲೆನ್ಸ್ ಕ್ಷೇಮ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ನೀರು ಹೀರಿ ಸಾಕಾಗಿದೆ ಎಂದರ್ಥ. ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿಯಾದ ಮೇಲೆ ವಾಪಸು ಹಾಕಬಹುದು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿಟ್ಟು ಕಪಾಟಿನಲ್ಲಿ ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ, ಚೀಲವೇ ತೇವ ಹಿಡಿದಿಡುತ್ತದೆ. ಮಣಿಪಾಲದ ಎಸಿ ಕೋಣೆಯಿಂದ ನೇರ ಹೊರಗೆ ಬಂದರೆ ಗಾಜಿನ ಮೇಲೆ ಹಬೆ ಕಟ್ಟುತ್ತದೆ. ಚೀಲ ಮುಚ್ಚಿಯೇ ಇಟ್ಟು ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಬೇಕು. ಬೀಚಿನ ಗಾಳಿಯಲ್ಲಿ ಮರಳಿನ ಪುಡಿ, ಉಪ್ಪು ಎರಡೂ ಇರುವುದರಿಂದ ಅಲ್ಲಿ ಲೆನ್ಸ್ ಬದಲಿಸಬಾರದು, ಮನೆಗೆ ಬಂದ ಮೇಲೆ ಬಾಡಿಯನ್ನು ತುಸು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು.

ಕೊನೆಯ ಆಕ್ಷೇಪ, ಹಣ ಇದ್ದವರದ್ದು: ಒಂದೇ ಸಲ ದೊಡ್ಡದನ್ನು ಕೊಂಡರೆ ಮತ್ತೆ ಮತ್ತೆ ಕೊಳ್ಳುವುದು ತಪ್ಪುತ್ತದಲ್ಲ? ಮುಂದೆ ತಾನು ಏನನ್ನು ತೆಗೆಯುತ್ತೇನೆ ಎಂದು ಗೊತ್ತಿದ್ದರೆ ಈ ಮಾತು ಸರಿ. ಆದರೆ ಕಲಿಯಲು ಹೊರಟವರಿಗೆ ಗೊತ್ತಿಲ್ಲದ್ದೇ ಅದು. ಯಕ್ಷಗಾನಕ್ಕೆಂದು ಹೊರಟವರು ಕಾರ್ಕಳದ 1586ರ ಚತುರ್ಮುಖ ಬಸದಿಯ ಕಲ್ಲಿನ ಮೇಲಿನ ಬೆಳಕಿಗೆ ಮನಸೋಲಬಹುದು, ಹಕ್ಕಿಗೆಂದು ಹೊರಟವರು ಬಂದರಿನ ಹೆಂಗಸರ ಮುಖಗಳಿಗೆ. ಜೊತೆಗೆ ಬೆಲೆಬಾಳುವ ಕ್ಯಾಮೆರಾವನ್ನು ಮಳೆಗೆ, ಕೆಸರಿಗೆ, ಜನಜಂಗುಳಿಗೆ ಒಯ್ಯಲು ಕೈ ಹಿಂಜರಿಯುತ್ತದೆ. ಐವತ್ತು ಸಾವಿರ ಕೈಯಲ್ಲಿದ್ದರೆ ಅರ್ಧದೊಳಗೆ ಹಳೆಯ ಬಾಡಿ ಮುಗಿಸಿ, ಒಂದು ಎಫ್ 1.8 ಲೆನ್ಸ್, ಒಂದು ಹೆಚ್ಚಿನ ಬ್ಯಾಟರಿ, ಎರಡು ಮೆಮೊರಿ ಕಾರ್ಡ್, ಡಬ್ಬಿ, ಸಿಲಿಕಾ ಜೆಲ್ ಕೊಂಡು, ಮಿಕ್ಕದ್ದನ್ನು ಬಸ್ಸಿಗೆ, ಪ್ರಿಂಟಿಗೆ ಇಟ್ಟುಕೊಳ್ಳುವುದು ಮೇಲು. ಸಂದೇಹ ಬಂದರೆ ಕೇಳಲು ಜನ ಇದ್ದಾರೆ. ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಶನ್ನಿನ ವಲಯಗಳು ಉಡುಪಿ, ಕಾಪು, ಕಾರ್ಕಳಗಳಲ್ಲಿವೆ. ಸ್ಟುಡಿಯೋ ನಡೆಸುವ ಅದರ ಸದಸ್ಯರಿಗೆ ಈ ಊರಿನ ರಾತ್ರಿ, ಮಳೆ, ಉಪ್ಪುಗಾಳಿ ಗೊತ್ತು. ಇಂಟರ್ನೆಟ್ಟಿನ ವಿಮರ್ಶಕರಿಗೆ ಗೊತ್ತಿಲ್ಲದ ಸಂಗತಿಗಳು ಇವು.

ಕೊಳ್ಳುವ ಕಾಲವನ್ನೂ ಇಲ್ಲಿನ ಪಂಚಾಂಗ ನೋಡಿಯೇ ನಿಶ್ಚಯಿಸಿ. ಜೂನಿನಲ್ಲಿ ಕೊಂಡದ್ದು ಮಳೆಗೆ ಹೆದರಿ ಮನೆಯೊಳಗೇ ಕೂರುವ ಸಂಭವ ಹೆಚ್ಚು. ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ಬರುವ ವಿಟ್ಲಪಿಂಡಿಯ ಹುಲಿವೇಷಗಳ ಹೊತ್ತಿಗೆ ಕೈಗೆ ಬಂದರೆ ಮುಂದೆ ನವರಾತ್ರಿ, ನವೆಂಬರಿನಿಂದ ಯಕ್ಷಗಾನ ಮೇಳಗಳ ತಿರುಗಾಟ, ಕಂಬಳ, ಜನವರಿಯಲ್ಲಿ ಅತ್ತೂರಿನ ಹಬ್ಬ, ನೇಮಗಳು, ಹೀಗೆ ಆಟ, ನೇಮಗಳು ನಿಲ್ಲುವ ಪತ್ತನಾಜೆಯವರೆಗೆ ತೆಗೆಯಲು ಪುರುಸೊತ್ತಿಲ್ಲದಷ್ಟು ಇದೆ. ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಆ ವರ್ಷದ ಚಿತ್ರಗಳ ಮಾಹಿತಿ ತೆರೆದು ನೋಡಿ. ಫೋಕಲ್ ಲೆಂಗ್ತ್, ಅಪರ್ಚರ್, ಶಟರ್, ಐಎಸ್‌ಒ ಪ್ರತಿ ಫೈಲಿನಲ್ಲೂ ದಾಖಲಾಗಿರುತ್ತದೆ. ಇಷ್ಟಪಟ್ಟು ಉಳಿಸಿಕೊಂಡ ಚಿತ್ರಗಳಲ್ಲಿ ಹೆಚ್ಚಿನವು ಕಿಟ್ ಲೆನ್ಸಿನ 18ರಲ್ಲಿ ತೆಗೆದವಾದರೆ ಮುಂದಿನ ಖರ್ಚು ಅಗಲ ನೋಟದ ಲೆನ್ಸಿಗೆ. 250ರಲ್ಲಿ ತೆಗೆದು ಮತ್ತೂ ಕತ್ತರಿಸಿದವೇ ಹೆಚ್ಚಾದರೆ ಉದ್ದದ ಲೆನ್ಸಿಗೆ. ಎಫ್ 1.8ರಲ್ಲೂ ಐಎಸ್‌ಒ 6400 ಮುಟ್ಟಿ ಚಿತ್ರ ಕಾಳುಕಾಳಾದವೇ ಸಾಲುಗಟ್ಟಿದ್ದರೆ, ಫುಲ್ ಫ್ರೇಮ್ ಬಾಡಿಯ ಬೆಲೆ ವಿಚಾರಿಸಲು ಅಂಗಡಿಗೆ ಹೋಗಬಹುದು.